ಪೆಪ್ಪರ್‌ಮಿಂಟಿಗೊಂದು ಅವ್ವ

ನನ್ನ ಮಕ್ಕಳು ನನ್ನನ್ನು ಅವ್ವ ಎಂದು ಕರೆಯುತ್ತಿರಲಿಲ್ಲ. ವೈನಿ ಎನ್ನುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಧಾರವಾಡದ ಕಡೆಯಿಂದ ಮುಂಬಯಿಯ ಆಂಟಾಪ್ ಹಿಲ್‌ನ ಎರಡು ಕೋಣೆಯ ಮನೆಗೆ ನಾನು ಹಿರಿಯ ಸೊಸೆಯಾಗಿ ಬಂದೆ. ಇಬ್ಬರು ಮೈದುನರು, ಒಬ್ಬಳು ನಾದಿನಿ. ಬೆಳಗಾದರೆ "ವೈನಿ, ಚಹಾ", "ವೈನಿ, ನನ್ನ ಅಂಗಿ ಎಲ್ಲದ?" ಎಂದು ಮೂರು ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಅಣ್ಣನ ಹೆಂಡತಿ ನಮ್ಮಲ್ಲಿ ವೈನಿ. ನನ್ನ ಮಗ ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ, ಅವನೂ ವೈನಿ ಎಂದ. ನನ್ನ ಗಂಡ ಅವರಿಗೆಲ್ಲ ಅಣ್ಣ, ಹಾಗಾಗಿ ಮಕ್ಕಳಿಗೂ ಅಣ್ಣ. ಅವ್ವ ಎಂಬ ಮಾತು ಆ ಮನೆಯಲ್ಲಿ ಒಬ್ಬರದೇ ಆಗಿತ್ತು, ನನ್ನ ಅತ್ತೆಯವರದು.

ತಿದ್ದಲು ನನಗಾದರೂ ಪುರುಸೊತ್ತು ಎಲ್ಲಿತ್ತು? ಭಾಂಡುಪ್‌ನ ಔಷಧದ ಕಾರ್ಖಾನೆಯಲ್ಲಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸ ನನ್ನದು. ಮಕ್ಕಳು ಏಳುವ ಮೊದಲೇ ಲೋಕಲ್ ಹಿಡಿಯಬೇಕು, ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಸಂಜೆ ನಾನು ಬರುವಷ್ಟರಲ್ಲಿ ಮಗಳು ಅತ್ತೆಯವರ ತೊಡೆಯ ಮೇಲೆ ಉಂಡು ಕೂತಿರುತ್ತಿದ್ದಳು. ಅವಳಿಗೆ ವರ್ಷ ತುಂಬುವಾಗಲೇ ನಮ್ಮನೆಯವರು ಫಿಟರ್ ಕೆಲಸಕ್ಕೆಂದು ದುಬೈಗೆ ಹೋಗಿದ್ದರು. ಅವಳ ಪಾಲಿಗೆ ಅವ್ವನೂ ಅಪ್ಪನೂ ಅತ್ತೆಯವರೇ, ನಾನು ಸಂಜೆ ಬರುವ ವೈನಿ.

ಎಪ್ಪತ್ತರ ದಶಕದ ಒಂದು ಮೇ ತಿಂಗಳಲ್ಲಿ, ಮಗನಿಗೆ ಐದು, ಮಗಳಿಗೆ ಮೂರು ವರ್ಷವಾಗಿದ್ದಾಗ, ಅಲ್ಲಿಂದ ನಮ್ಮ ಮೂವರಿಗೂ ಟಿಕೆಟ್ಟು, ವೀಸಾ ಬಂದವು. ನಾನು ಕೆಲಸ ಬಿಟ್ಟೆ. ನಮ್ಮ ಕೋಣೆಯನ್ನು ಹೊಸದಾಗಿ ಮದುವೆಯಾದ ಮೈದುನನಿಗೆ ಬಿಟ್ಟುಕೊಟ್ಟೆ. ವೀಸಾದ ಅವಧಿ ಮುಗಿಯಲು ನಾಲ್ಕೇ ದಿನ ಉಳಿದಿರುವಾಗ ನಮ್ಮ ವಿಮಾನ. ಅದು ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಎಷ್ಟು ವರ್ಷವೋ, ಇಲ್ಲಿ ಕೂರಲು ಜಾಗವೂ ಇಲ್ಲ. ಹೊರಡಲು ಹದಿನೈದು ದಿನ ಇರುವಾಗ ಮೇಲಿನ ಮಾಳಿಗೆಯ ಮಂಗಳೂರು ಕಡೆಯ ಹೆಂಗಸು ಬಂದು ನನ್ನ ತಲೆಯೊಳಗೆ ಹುಳ ಬಿಟ್ಟಳು. "ಪಾಸ್‌ಪೋರ್ಟಲ್ಲಿ ಮಕ್ಕಳ ಹೆಸರು ಮಾತ್ರ ಇರ್ತದೆ ಮಾರಾಯ್ತಿ, ಫೋಟೋ ಇಲ್ಲ. ಯಾರ್ಯಾರದ್ದೋ ಮಕ್ಕಳನ್ನು ತಮ್ಮದು ಅಂತ ಕರ್ಕೊಂಡು ಹೋಗುವವರು ಉಂಟು. ಅದಕ್ಕೆ ಆಫೀಸರ್‌ಗಳು ಮಕ್ಕಳನ್ನೇ ಕೇಳುದು, ಇವಳು ಯಾರು ಅಂತ."

ಮುಂಬಯಿಯ ಆಫೀಸರೆಂದರೆ ಮರಾಠಿಯವನೇ ಇರಬೇಕು. ಮರಾಠಿಯಲ್ಲೂ ವಹಿನಿ ಎಂದರೆ ಅಣ್ಣನ ಹೆಂಡತಿಯೇ. ಬೇರೆ ಯಾವ ಊರಿನಲ್ಲಾದರೂ ಅದು ಅರ್ಥವಾಗದ ಮಾತಾಗಿ ದಾಟಿಹೋಗುತ್ತಿತ್ತು. ಇಲ್ಲಿ ಅದು ನೆಟ್ಟಗೆ ಅರ್ಥವಾಗುತ್ತದೆ, ಅದೂ ತಪ್ಪಾಗಿ!

ಅಂದಿನಿಂದ ಹದಿನೈದು ದಿನ ನಮ್ಮ ಮನೆಯಲ್ಲಿ ಶಾಲೆ ನಡೆಯಿತು. ನಾನು ಹುಬ್ಬು ಎತ್ತಿದರೆ ಮಗ ನನಗೆ ಅವ್ವ ಅನ್ನಬೇಕು, ಹಾಗೆ ಅಂದರೆ ಒಂದು ಪೆಪ್ಪರ್‌ಮಿಂಟ್ ಬಹುಮಾನ. ಹುಡುಗ ಬೇಗ ಕಲಿತ. ಆದರೆ ಅವನು ಅವ್ವ ಎಂದಾಗಲೆಲ್ಲ ಒಳಗಿನಿಂದ ಅತ್ತೆಯವರು "ಓ, ಏನಪಾ?" ಎನ್ನುತ್ತಿದ್ದರು. ನಾನು ಒಂದು ದಿನ ಸಿಡುಕಿದೆ. "ನಿಮ್ಮನ್ನ ಕರೀಲಿಲ್ಲರೀ ಅತ್ತಿ." ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು. "ನನಗ ಗೊತ್ತದ. ಬಾಯಿ ರೂಢಿ, ಓ ಅಂತದ. ಅಲ್ಲವಾ, ಕೂಸಿನ ಬಾಯಾಗಿನ ಮಾತು ಪೆಪ್ಪರ್‌ಮಿಂಟ್ ಕೊಟ್ಟು ಕೊಳ್ಳಾಕ ಹತ್ತೀಯಲ್ಲ!" ಮಗಳಂತೂ ಪೆಪ್ಪರ್‌ಮಿಂಟ್ ತಿಂದು, ನನ್ನ ಮುಖ ನೋಡಿ "ವೈನಿ" ಎಂದು ನಕ್ಕುಬಿಡುತ್ತಿದ್ದಳು.

ಸಾಂತಾಕ್ರೂಜ್‌ನಲ್ಲಿ ಪಾಸ್‌ಪೋರ್ಟ್ ನೋಡುವ ಮೇಜಿನ ಹತ್ತಿರ ಬಂದಾಗ ನಾನು ಇಬ್ಬರ ಬಾಯಿಗೂ ಶೇಂಗಾ ಚಿಕ್ಕಿಯ ದೊಡ್ಡ ತುಂಡು ತುರುಕಿದೆ. ಅಗಿಯುವ ಬಾಯಿ ಮಾತಾಡುವುದಿಲ್ಲ. ಮೇಜಿನವನು ಮುಖ ಎತ್ತದೆ ಮುದ್ರೆ ಒತ್ತಿದ. ಏಣಿ ಹತ್ತಿ ವಿಮಾನದೊಳಗೆ ಕೂತು ಪಟ್ಟಿ ಬಿಗಿದುಕೊಂಡಾಗ, ಗೆದ್ದೆ ಎಂದುಕೊಂಡೆ. ಎಂಥ ದಡ್ಡಿ ನಾನು!

ವಿಮಾನ ಹೊರಡಲೇ ಇಲ್ಲ. ಏನೋ ಸಣ್ಣ ದುರಸ್ತಿ, ಸ್ವಲ್ಪ ಹೊತ್ತು ಎಂದರು. ಬಾಗಿಲು ತೆರೆದೇ ಇತ್ತು, ಏಣಿ ಹಚ್ಚಿಯೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಒಳಗೆ ಕಾದ ಹಂಚಿನ ಮೇಲೆ ಕೂತ ಹಾಗೆ. ಮೂರು ತಾಸಿನ ಹಾರಾಟಕ್ಕೆಂದು ನಾನು ಚೀಲದಲ್ಲಿ ಆಟದ ಸಾಮಾನು ತುಂಬಿದ್ದೆ. ಹುಣಸೆ ಬೀಜ, ಗುಂಡಿಗಳ ಸರ, ಖಾಲಿ ಪೌಡರ್ ಡಬ್ಬಿ, ಬೆರಳಿಗೆ ಸುತ್ತಿ ಆಡುವ ದಾರ. ನೆಲದ ಮೇಲೇ ಎಲ್ಲ ಖರ್ಚಾಗತೊಡಗಿದವು. ಹುಣಸೆ ಬೀಜ ಮುಂದಿನ ಸೀಟಿನ ಕೆಳಗೆ ಉರುಳಿಹೋದವು. ಪೌಡರ್ ಡಬ್ಬಿಯನ್ನು ಮಗ ಬಾರಿಸತೊಡಗಿದ್ದಕ್ಕೆ ಹಿಂದಿನವರು ಕೆಮ್ಮಿದರು, ಕಸಿದು ಚೀಲಕ್ಕೆ ಹಾಕಿದೆ. ಆಗೆಲ್ಲ ವಿಮಾನದ ಸೀಟಿನ ಕೈಯಲ್ಲಿ ಸಿಗರೇಟಿನ ಬೂದಿ ಹಾಕುವ ಪುಟ್ಟ ಡಬ್ಬಿ ಇರುತ್ತಿತ್ತು. ಅದರ ಮುಚ್ಚಳವನ್ನು ಅವನು ಟಕ್ ಟಕ್ ಎಂದು ನೂರು ಸಲ ತೆಗೆದು ಹಾಕಿದ. ಕೊನೆಗೆ ವಾಂತಿ ಮಾಡಲು ಇಟ್ಟ ಕಾಗದದ ಚೀಲಕ್ಕೆ ಕಾಡಿಗೆಯಿಂದ ಕಣ್ಣು, ಕುಂಕುಮದಿಂದ ಬಾಯಿ ಬರೆದು ಕೈಗೆ ಹಾಕಿಕೊಂಡು ಕುಣಿಸಿದೆ. ಮಗಳು ಕಿಲಕಿಲ ನಕ್ಕಳು. ಚೀಲದ ಬಾಯಿಂದ ನಾನು ಪಿಸುಗುಟ್ಟುತ್ತಿದ್ದೆ, "ನಾ ಯಾರು? ಅವ್ವ ಅನ್ನು, ಅವ್ವ."

ಅಷ್ಟರಲ್ಲಿ ಗಗನಸಖಿ ತಟ್ಟೆಯಲ್ಲಿ ಪೆಪ್ಪರ್‌ಮಿಂಟ್ ತಂದಳು. ಕಿವಿ ಕಟ್ಟಬಾರದೆಂದು ಕೊಡುತ್ತಾರಂತೆ, ಬೇಕಾದಷ್ಟು, ಪುಕ್ಕಟೆ. ಮಗ ಎರಡೂ ಮುಷ್ಟಿ ತುಂಬಿಕೊಂಡ. ನನ್ನ ಹದಿನೈದು ದಿನದ ಶಾಲೆ ಅಲ್ಲೇ ಮುಳುಗಿತು. ಐದಾರು ತಿಂದ ಮೇಲೆ ಅವನಿಗೆ ನೀರಡಿಕೆಯಾಯಿತು. ಇಡೀ ವಿಮಾನಕ್ಕೆ ಕೇಳುವ ಹಾಗೆ "ವೈನೀ, ನೀರು! ವೈನೀ!" ಎಂದು ಕೂಗಿದ.

ಗಗನಸಖಿ ಮರಾಠಿ ಹುಡುಗಿ. ನೀರು ತಂದುಕೊಟ್ಟು, ಅವನ ಗಲ್ಲ ಹಿಡಿದು ಮರಾಠಿಯಲ್ಲೇ ಕೇಳಿದಳು, ಎಲ್ಲಿಗೆ ಹೊರಟಿದ್ದೀಯ ರಾಜಾ? ಗಲ್ಲಿಯಲ್ಲಿ ಆಡಿ ಮರಾಠಿ ಕಲಿತವನು ಎದೆ ಉಬ್ಬಿಸಿ ಹೇಳಿದ, "ಅಣ್ಣಾಕಡೇ. ವಹಿನೀಬರೋಬರ್." ಅಣ್ಣನ ಹತ್ತಿರಕ್ಕೆ, ಅತ್ತಿಗೆಯ ಜೊತೆ! ಅವಳ ಮುಖದ ನಗು ನಿಧಾನವಾಗಿ ಹೋಯಿತು. ನನ್ನನ್ನೊಮ್ಮೆ ನೋಡಿ ಮುಂದೆ ನಡೆದಳು. ನಾನು ಕಾಗದದ ಚೀಲ ಕುಣಿಸುತ್ತಲೇ ಇದ್ದೆ.

ಏಣಿ ಹತ್ತಿ ಒಬ್ಬ ಅಧಿಕಾರಿ ಬಂದ. ಪಾಸ್‌ಪೋರ್ಟ್ ತೆಗೆದುಕೊಂಡು ಹಿಂದಿಯಲ್ಲಿ, ಈ ಮಕ್ಕಳು ಯಾರವು ಎಂದ. ನನ್ನವು ಎಂದೆ. ಮತ್ತೆ ವಹಿನಿ ಎಂದು ಯಾಕೆ ಕರೆಯುತ್ತಾರೆ? ಭಾಂಡುಪ್‌ನಲ್ಲಿ ಮರಾಠಿ ಹೆಂಗಸರ ಜೊತೆ ಜಗಳಕ್ಕೆ ನಿಲ್ಲುವಷ್ಟು ಮರಾಠಿ ನನಗೆ ಬರುತ್ತಿತ್ತು. ಆ ಗಳಿಗೆಯಲ್ಲಿ ಒಂದಕ್ಷರ ಬಾಯಿಗೆ ಬರಲಿಲ್ಲ. ಅವನು ಬಗ್ಗಿ ಮಗಳನ್ನು ಕೇಳಿದ, "ಆಯಿ ಕುಠೇ ಆಹೇ?" ತಾಯಿ ಎಲ್ಲಿ? ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಅಷ್ಟು ಮರಾಠಿ ಹುಟ್ಟಿನಿಂದಲೇ ಬರುತ್ತದೆ. ಅವಳು ಕಿಟಕಿಯ ಹೊರಗೆ ಬೆರಳು ಮಾಡಿದಳು. ಕಳಿಸಲು ಬಂದವರು ನಿಲ್ಲುವ ಗ್ಯಾಲರಿಯಲ್ಲಿ, ಬಿಸಿಲಲ್ಲಿ, ಅತ್ತೆಯವರ ಹಸಿರು ಸೀರೆ ಇನ್ನೂ ಕಾಣುತ್ತಿತ್ತು. "ಅವ್ವ ಅಲ್ಲಿ ಅದಾಳ. ಅವ್ವಾ!" ಎಂದು ಕಿಟಕಿಯ ಗಾಜು ಬಡಿಯತೊಡಗಿದಳು.

ಅಧಿಕಾರಿ ಸೆಟೆದು ನಿಂತ. ಎದ್ದೇಳಿ, ಕೆಳಗೆ ಬನ್ನಿ ಎಂದ.

ನನಗೆ ತಲೆ ಕೆಟ್ಟಿತು. ಹಿಂದಿ ಹೋಯಿತು, ಮರಾಠಿ ಹೋಯಿತು, ಹೊಟ್ಟೆಯೊಳಗಿನ ಕನ್ನಡ ಹೊರಗೆ ಬಂತು. "ಎಲ್ಲಿಗೆ ಬರ್ಲಿ? ಒಂಬತ್ತು ತಿಂಗಳು ಹೊತ್ತು ಹಡದಾಕಿ ನಾನು! ಕೇಳಾಕ ನೀ ಯಾವಂವ? ನೀ ಏನರ ಸೂಲಗಿತ್ತಿ ಆಗಿ ಬಂದಿದ್ದೇನು?" ಅವನಿಗೆ ಒಂದೂ ತಿಳಿಯಲಿಲ್ಲ. ಆದರೆ ಮೂರು ಸಾಲು ಮುಂದೆ ಒಂದು ಬಿಳಿ ಟೋಪಿ ತಟ್ಟನೆ ತಿರುಗಿತು. ಬಿಜಾಪುರ ಕಡೆಯ ವಯಸ್ಸಾದ ಅರಿವೆ ವ್ಯಾಪಾರಿ. ಎದ್ದು ಬಂದು, "ತಂಗಿ, ಸಮಾಧಾನ, ಸಮಾಧಾನ. ಏನಾತು?" ಎಂದರು. ಹೇಳಿದೆ. ಅವರು ಅಧಿಕಾರಿಗೆ ತಮ್ಮ ಹರಕು ಹಿಂದಿಯಲ್ಲಿ ಬಿಡಿಸಿ ಹೇಳಿದರು. ನಮ್ಮ ಕೂಡು ಮನೆಗಳಲ್ಲಿ ಹೀಗೇ ಸಾಹೇಬರೇ, ದೊಡ್ಡವರು ಕರೆದ ಹಾಗೆ ಮಕ್ಕಳು ಕರೆಯುತ್ತವೆ, ನಾನು ನನ್ನ ತಾಯಿಯನ್ನು ಆಕೆ ಸಾಯುವವರೆಗೂ ಅಕ್ಕ ಎನ್ನುತ್ತಿದ್ದೆ. ಅಧಿಕಾರಿ ನಂಬಲೂ ಇಲ್ಲ, ಬಿಡಲೂ ಇಲ್ಲ. ಹುಡುಗನನ್ನು ನೀವೇ ಕೇಳಿ ಎಂದ.

ವ್ಯಾಪಾರಿ ಮಗನ ತಲೆ ಸವರಿ, "ಹೇಳಪಾ, ಈಕಿ ನಿನಗ ಏನಾಗಬೇಕು?" ಎಂದರು. ಮಗ ನನ್ನ ಕಡೆ ನೋಡಿದ. ಹೆದರಿಕೆಗೆ ನನ್ನ ಹುಬ್ಬು ತಾನೇ ಮೇಲಕ್ಕೆ ಹೋಗಿತ್ತು. ಅದನ್ನು ಕಂಡದ್ದೇ ತಡ, ಹುಡುಗ ಜೋರಾಗಿ "ಅವ್ವ!" ಎಂದ. ಎಂದವನು ಅಲ್ಲಿಗೆ ಬಿಟ್ಟನೇ? ಕೈ ಚಾಚಿ, "ಪೆಪ್ಪರ್‌ಮಿಂಟ್ ಕೊಡು" ಎಂದ.

ಅಯ್ಯೋ ಶಿವನೇ! ಪೆಪ್ಪರ್‌ಮಿಂಟ್ ಎಂಬ ಮಾತಿಗೆ ಯಾರ ಅನುವಾದವೂ ಬೇಕಿರಲಿಲ್ಲ. ಕಲಿಸಿ ತಂದಿದ್ದಾಳೆ ಎಂದ ಅಧಿಕಾರಿ, ಮರಾಠಿಯಲ್ಲಿ, ಗಗನಸಖಿಗೆ. ವ್ಯಾಪಾರಿಯ ಕಣ್ಣಿನಲ್ಲೂ ಒಂದು ಸಂಶಯ ಬಂದುಹೋದದ್ದನ್ನು ನಾನು ಕಂಡೆ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನಾನು ಪಟ್ಟಿ ಬಿಚ್ಚಿದೆ. ಕೆಲಸ ಇಲ್ಲ, ಕೋಣೆ ಇಲ್ಲ, ದುಬೈಯ ವಿಮಾನ ನಿಲ್ದಾಣದಲ್ಲಿ ಕಾಯುತ್ತಿರುವ ನಮ್ಮನೆಯವರಿಗೆ ಯಾರು ಹೇಳುತ್ತಾರೆ? ತಪ್ಪು ಯಾರದೂ ಅಲ್ಲ, ನನ್ನದೇ ಅನಿಸಿತು. ಸಂಜೆ ಬರುವ ವೈನಿಗೆ ಯಾವ ಮಗು ಸಾಕ್ಷಿ ಹೇಳೀತು?

ನಾನು ಚೀಲ ಎತ್ತಿಕೊಳ್ಳಲೆಂದು ಬಗ್ಗಿದೆ. ಗಗನಸಖಿ, ಪಾಪ, ಸಹಾಯಕ್ಕೆಂದೇ ಇರಬೇಕು, ಕಿಟಕಿಯ ಹತ್ತಿರವಿದ್ದ ಮಗಳನ್ನು ಎತ್ತಿಕೊಂಡಳು. "ಚಲ್ ಬಾಳಾ, ಆಯೀಕಡೇ ಜಾಊಯಾ," ನಡಿ ಕಂದಾ, ತಾಯಿ ಹತ್ತಿರ ಹೋಗೋಣ ಎಂದು ಎರಡು ಹೆಜ್ಜೆ ನಡೆದಳು. ಅಷ್ಟೇ! ಆವರೆಗೆ ಗಾಜು ಬಡಿದು ಅವ್ವಾ ಅವ್ವಾ ಎಂದು ಕೂಗುತ್ತಿದ್ದ ಮಗು ಹಿಂದೆ ತಿರುಗಿ, ನಾನು ದೂರವಾಗುವುದನ್ನು ಕಂಡು, ಇಡೀ ಮೈ ಬಿಲ್ಲಿನಂತೆ ಬಗ್ಗಿಸಿ ಚೀರಿತು. "ವೈನೀ! ವೈನೀ! ನಾ ಒಲ್ಲೆ, ವೈನೀ!" ಗಗನಸಖಿಯ ಟೋಪಿ ಕಿತ್ತು ಬಿಸಾಡಿತು, ಅವಳ ಕೈಗೆ ಕಚ್ಚಿತು. ನಾನು ಎರಡು ಸೀಟಿನ ನಡುವಿನಿಂದ ಹೇಗೆ ಹಾರಿ ಹೋದೆನೋ ಗೊತ್ತಿಲ್ಲ. ನನ್ನ ಕುತ್ತಿಗೆಗೆ ಜೋತು ಬಿದ್ದವಳು ಮುಖವನ್ನು ನನ್ನ ಹೆಗಲಲ್ಲಿ ಹೂತು, ನಿದ್ದೆ ಬಂದಾಗ ಮಾಡುವ ಹಾಗೆ ನನ್ನ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೀಡತೊಡಗಿದಳು. ಬಿಕ್ಕಳಿಸುತ್ತ, ತೀಡುತ್ತ, ವೈನಿ, ವೈನಿ.

ಅಧಿಕಾರಿ ಆ ಎರಡು ಬೆರಳುಗಳನ್ನು ನೋಡುತ್ತ ನಿಂತ. ಗಗನಸಖಿ ಕೈ ತಿಕ್ಕಿಕೊಳ್ಳುತ್ತ, ಸರ್, ಇವಳದೇ ಮಗು ಎಂದಳು. ಅವನು ಪಾಸ್‌ಪೋರ್ಟನ್ನು ಮಡಚಿ ನನ್ನ ಸೀಟಿನ ಮೇಲಿಟ್ಟ. "ಬಸಾ, ವಹಿನಿ," ಕೂತ್ಕೊಳ್ಳಿ ಎಂದು ಹೇಳಿ ಇಳಿದುಹೋದ. ಆಗ ನಾನು ಅತ್ತುಬಿಟ್ಟೆ. ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಬಂತು.

ಕೊನೆಗೂ ಬಾಗಿಲು ಮುಚ್ಚಿದರು. ವಿಮಾನ ಓಡತೊಡಗಿದಾಗ ಕಿಟಕಿಯಲ್ಲಿ ಹಸಿರು ಸೀರೆಯನ್ನು ಹುಡುಕಿದೆ, ಕಾಣಲಿಲ್ಲ. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಕಿವಿ ಬಿಟ್ಟಿರಲಿಲ್ಲ. ಮಗನಿಗೆ ಮಾತ್ರ ನ್ಯಾಯ ಸಿಕ್ಕಿರಲಿಲ್ಲ. ನನ್ನ ಸೆರಗು ಜಗ್ಗಿದ.

"ಅವ್ವ ಅಂದೆ. ಪೆಪ್ಪರ್‌ಮಿಂಟ್ ಕೊಡಲೇ ಇಲ್ಲ."

"ವೈನಿ ಅನ್ನು, ಕೊಡ್ತೀನಿ."

ಅವನು ನನ್ನ ಮುಖ ನೋಡಿದ, ಹುಬ್ಬು ನೋಡಿದ. ಇದರಲ್ಲೇನೋ ಮೋಸವಿದೆ ಎಂದು ಅನುಮಾನ. ಆಮೇಲೆ ಬಹಳ ಮೆಲ್ಲಗೆ, ಬೈಸಿಕೊಳ್ಳುವವನ ಹಾಗೆ, "ವೈನಿ" ಎಂದ.

"ಓ," ಎಂದೆ ನಾನು. ಎರಡು ಕೊಟ್ಟೆ.