ದೀಪಕ್ಕೆ ಕೇಳಿಸುತ್ತದೆ

ಕಳೆದ ಭಾನುವಾರ ಕೆದಂಬಾಡಿಯ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಬಿಸಿ ಬಿಸಿ ಪತ್ತಿರ್ ಎಂಬ ಅಕ್ಕಿ ರೊಟ್ಟಿ, ಕೋಳಿ ಸಾರು. ಮನೆಯ ಯಜಮಾನಿ ಬೇಡ ಬೇಡವೆಂದರೂ ಬಡಿಸುತ್ತಲೇ ಇದ್ದರು. ಅದಕ್ಕೂ ಹಿಂದಿನ ಭಾನುವಾರ ಅದೇ ಹೆಂಗಸನ್ನು ನಾನು ಕತ್ತಲೆಯ ಸುರಂಗದಲ್ಲಿ ಬಿಟ್ಟು, ಪೆಟ್ಟಿಗೆ ತುಂಬ ಬಂಗಾರ ಎತ್ತಿಕೊಂಡು ಓಡಿ ಬಂದಿದ್ದೆ.

ಪೊಲೀಸರಿಗೆ ಫೋನ್ ಮಾಡಬೇಡಿ. ಸುರಂಗ ಕಂಪ್ಯೂಟರಿನ ಒಳಗಿನದ್ದು. ಆದರೆ ಬಿಟ್ಟು ಬಂದದ್ದು ನಿಜ.

ಈ ವಾರ ನಾನು ಬರೆಯಬೇಕಿದ್ದದ್ದು ಬೇರೆಯೇ. ಇನ್ನೂ ಬಿಡುಗಡೆಯಾಗದ ಒಂದು ವಿಡಿಯೋ ಗೇಮ್ ನನಗೆ ಆಡಲು ಸಿಕ್ಕಿತ್ತು. ಈ ವಯಸ್ಸಿನಲ್ಲಿ, ಅದೂ ಬೇರೆಯವರಿಗಿಂತ ಮೊದಲು! ‘ಬಿಡುಗಡೆಗೆ ಮುಂಚೆಯೇ ಆಡಿ ಬಂದೆ’ ಎಂದು ನಿಮ್ಮೆದುರು ಕಾಲರ್ ಎತ್ತಿಕೊಳ್ಳುವ ಯೋಚನೆ ಇತ್ತು. ಈಗ ಅದೇ ಕಾಲರಿನೊಳಗೆ ಮುಖ ಅಡಗಿಸಿಕೊಳ್ಳುವ ಹಾಗಾಗಿದೆ.

ಶುರುವಿನಿಂದ ಹೇಳುತ್ತೇನೆ. ನನ್ನ ಅಕ್ಕನ ಮಗಳು ಶ್ವೇತಾ ಸುಳ್ಯದಲ್ಲಿದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಹಳೇ ಕ್ಲಾಸ್‌ಮೇಟ್ ಅಶ್ಫಾಕ್‌ಗೆ ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹೊಸ ಗೇಮ್‌ಗಳು ಬರುವ ಮೊದಲು ಆಡಿ ನೋಡಿ, ಎಲ್ಲಿ ಏನು ಸರಿಯಿಲ್ಲ ಎಂದು ಕಂಪನಿಗೆ ಬರೆದು ಕಳಿಸುವುದು ಅವನ ಹುಚ್ಚು. ಈ ಸಲ ಅವನು ಆಡಿ ಮುಗಿಸಿದ ಮೇಲೆ, ಇನ್ನೂ ಮೂವರಿಗೆ ಆಡಲು ಅವಕಾಶ ಕೊಡಿಸಬಹುದಿತ್ತಂತೆ. ಒಂದು ಶ್ವೇತಾಳಿಗೆ ಕೊಟ್ಟ. ಇನ್ನೊಂದು ನನಗೆ. (ನನ್ನ ಅಂಕಣ ಓದುತ್ತಾನೆ, ಪಾಪ.)

ಮೂರನೆಯದು ಯಾರಿಗೆ?

"ನಮ್ಮವರೇ ಒಬ್ಬರಿದ್ದಾರೆ ಸರ್. ಅವರ ಮನೆಯಿಂದಲೇ ಆಡ್ತಾರೆ. ಮಾತಾಡುದು ಕಡಿಮೆ. ಸ್ವಲ್ಪ ನೋಡಿಕೊಳ್ಳಿ ಆಯ್ತಾ" ಎಂದ ಫೋನಿನಲ್ಲಿ.

ನಮ್ಮವರೇ ಎಂದರೆ ದುಬೈಯಲ್ಲಿರುವ ಯಾವುದೋ ಕಸಿನ್ ಹುಡುಗ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಯಾಕೆ ಹಾಗೆ ಅನ್ನಿಸಿತು? ಕೇಳಬೇಡಿ. ತಲೆಯೊಳಗೆ ಒಂದೊಂದು ಮನೆತನಕ್ಕೂ ಒಂದೊಂದು ಚಿತ್ರ ಅಂಟಿಸಿಕೊಂಡಿರುತ್ತೇವಲ್ಲ, ಅದರಲ್ಲಿ ಇದೂ ಒಂದು.

ಅಕ್ಕನ ಮನೆಯ ಹಾಲ್‌ನಲ್ಲಿ ಮಧ್ಯಾಹ್ನದ ಊಟ ಮುಗಿಸಿ ನಾನೂ ಶ್ವೇತಾಳೂ ಅಕ್ಕಪಕ್ಕ ಕೂತೆವು. ಕಿವಿಗೆ ಹೆಡ್‌ಫೋನ್, ಬಾಯಿಯ ಹತ್ತಿರ ಮೈಕು. ಹಳೇ ಕೋಟೆಯೊಂದರ ಅಡಿಯಲ್ಲಿ ನೆಲಮಾಳಿಗೆ, ಅದರ ಅಡಿಯಲ್ಲಿ ಇನ್ನೊಂದು. ಮೂವರ ತಂಡ ಇಳಿಯಬೇಕು. ಒಬ್ಬರ ಕೈಯಲ್ಲಿ ಕತ್ತಿ, ಒಬ್ಬರ ಕೈಯಲ್ಲಿ ಪಂಜು, ಒಬ್ಬರ ಹತ್ತಿರ ಗಾಯ ಮಾಯಿಸುವ ಮದ್ದು. ಶ್ವೇತಾ ಕತ್ತಿ ಹಿಡಿದಳು. ನಾನು ಪಂಜು. ಮದ್ದಿನವನ ತಲೆಯ ಮೇಲೆ ‘ಗೆಸ್ಟ್’ ಎಂದಷ್ಟೇ ಬರೆದಿತ್ತು. ಹೆಸರು ಹಾಕುವುದು ಹೊರಗೆ ಬಂದ ಮೇಲೆಯೇ.

ಆಟ ಹೇಗಿದೆ? ಅದನ್ನೂ ಹೇಳಬೇಕಲ್ಲ, ಒಪ್ಪಿಕೊಂಡ ಕೆಲಸ. ಕತ್ತಲೆ ಬಹಳ ಚೆನ್ನಾಗಿದೆ. (ಕತ್ತಲೆಯನ್ನು ಹೊಗಳಿದ ಮೊದಲ ಅಂಕಣಕಾರ ನಾನೇ ಇರಬೇಕು.) ನಾವು ಚಿಕ್ಕವರಿದ್ದಾಗ ತೆಂಗಿನ ಗರಿಯ ಸೂಟೆ ಬೀಸಿಕೊಂಡು ನಡೆಯುತ್ತಿದ್ದ ಹಾಗೆ ಪಂಜನ್ನು ಬೀಸಿದರೆ ಉರಿ ಏಳುತ್ತದೆ, ಬೀಸದಿದ್ದರೆ ಮಂಕಾಗುತ್ತದೆ. ನೀರು ತೊಟ್ಟಿಕ್ಕುವ ಸದ್ದಿಗೆ ಬೆನ್ನು ಜುಮ್ಮೆನ್ನುತ್ತದೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಾಲು ಗಾಳಿಯಲ್ಲಿ ತೇಲುತ್ತದೆ, ಅದನ್ನು ಸರಿ ಮಾಡಬೇಕು. ರಾಕ್ಷಸರು ವಿಪರೀತ ಸಭ್ಯರು. ಒಬ್ಬನ ಹಿಂದೆ ಒಬ್ಬ ಸರದಿಯಲ್ಲಿ ಬಂದು ಸಾಯುತ್ತಾರೆ. ಅಂಥ ಕ್ಯೂ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲೂ ನಾನು ಕಂಡಿಲ್ಲ.

ಎರಡು ನಿಯಮಗಳನ್ನು ನೀವು ತಿಳಿದುಕೊಳ್ಳಬೇಕು. ಮೊದಲನೆಯದು, ಸತ್ತವರು ಒಂದು ಸಣ್ಣ ದೀಪವಾಗಿ ನೆಲದ ಮೇಲೆ ಉಳಿಯುತ್ತಾರೆ. ತಂಡದ ಯಾರಾದರೂ ಆ ದೀಪವನ್ನು ಎತ್ತಿಕೊಂಡು ಬಾಗಿಲು ದಾಟಿಸಿದರೆ ಮತ್ತೆ ಬದುಕುತ್ತಾರೆ. ಆದರೆ ದೀಪ ಹಿಡಿದವರು ಬೇರೆ ಏನನ್ನೂ ಹಿಡಿಯುವ ಹಾಗಿಲ್ಲ. ಎರಡನೆಯದು, ಆಟದ ಹೆಬ್ಬಾಗಿಲಿನ ಒಳಗೆ ಎಡಗಡೆ ಒಂದು ಗೋಡೆ ಇದೆ. ಈ ಪರೀಕ್ಷೆಯ ಅವಧಿಯಲ್ಲಿ ಕೊನೆಯ ಬಾಗಿಲು ದಾಟಿದ ಪ್ರತಿ ತಂಡಕ್ಕೂ ಅದರಲ್ಲಿ ಅಕ್ಕಪಕ್ಕ ಮೂರು ಕಲ್ಲು. ಹೊರಬಂದವರು ತಮ್ಮ ಹೆಸರು ಕೆತ್ತಬಹುದು. ಆಟ ಬಿಡುಗಡೆಯಾದ ಮೇಲೂ ಆ ಹೆಸರು ಅಲ್ಲೇ ಇರುತ್ತದೆ, ಆಡುವವರೆಲ್ಲ ನೋಡುತ್ತಾರೆ. ಕೊನೆಯ ಕೋಣೆಯ ಪೆಟ್ಟಿಗೆಯನ್ನೂ ತಂದರೆ ತಂದವರ ಹೆಸರು ಬಂಗಾರದ ಅಕ್ಷರದಲ್ಲಿ.

ಪರೀಕ್ಷೆಯ ಅವಧಿ ಅಂದು ಸಂಜೆಗೆ ಮುಗಿಯುವುದಿತ್ತು.

ಗೆಸ್ಟ್ ನಿಧಾನ. ದಾರಿಯಲ್ಲಿ ಸಿಕ್ಕಿದ ಮಡಕೆ, ಭರಣಿ, ಡಬ್ಬ ಎಲ್ಲವನ್ನೂ ಮುಚ್ಚಳ ತೆಗೆದು ನೋಡುವುದು. ನಾವು ಮುಂದೆ ಹೋಗಿ ಕಾಯುವುದು. ಮಾತಿಲ್ಲ, ಕತೆಯಿಲ್ಲ. ಒಮ್ಮೆ ನಾನು ಗುಂಡಿಗೆ ಬಿದ್ದು ಸತ್ತೆ. ಸತ್ತವನಿಗೆ ಎಂತ ಕೆಲಸ? ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಕಾಫಿ ಮಾಡಿಸಿಕೊಂಡು ಬಂದೆ. ವಾಪಸು ಬಂದಾಗ ಬಾಗಿಲಿನ ಆಚೆ ಜೀವಂತವಾಗಿ ನಿಂತಿದ್ದೆ.

"ಗೆಸ್ಟ್ ತನ್ನ ಮದ್ದಿನ ಚೀಲವನ್ನು ಅಲ್ಲೇ ಇಟ್ಟು ನಿಮ್ಮನ್ನು ಎತ್ತಿಕೊಂಡು ಬಂದದ್ದು ಮಾಮ. ಮತ್ತೆ ವಾಪಸ್ ಹೋಗಿ ಚೀಲ ತಂದದ್ದು" ಎಂದಳು ಶ್ವೇತಾ.

"ಹೌದಾ? ಒಳ್ಳೇದಾಯ್ತು" ಎಂದೆ. ಕಾಫಿ ಕುಡಿದೆ. ಅಷ್ಟೇ.

ಕೊನೆಯ ಕೋಣೆಗೆ ಬಂದೆವು. ಅಲ್ಲಿನ ಬಾಗಿಲು ತೆರೆದಿರಬೇಕಾದರೆ ಒಬ್ಬರು ಹೊರಗಿನ ಕಲ್ಲಿನ ಮೇಲೆ ನಿಂತೇ ಇರಬೇಕು. ಶ್ವೇತಾ ನಿಂತಳು. ಒಳಗೆ ನಾನು ಮತ್ತು ಗೆಸ್ಟ್. ಮೂಲೆಯಲ್ಲಿ ಹೊಳೆಯುವ ಪೆಟ್ಟಿಗೆ. ನಮ್ಮ ಗೆಸ್ಟ್ ಏನು ಮಾಡಬೇಕು? ಅಲ್ಲಿಯೂ ಒಂದು ಭರಣಿಯ ಮುಚ್ಚಳ ತೆಗೆಯಲು ಹೋಯಿತು. ಮೇಲಿನಿಂದ ಜೇಡ ಇಳಿಯಿತು. ಗೆಸ್ಟ್ ಕತೆ ಮುಗಿಯಿತು. ನೆಲದ ಮೇಲೆ ಪುಟ್ಟ ದೀಪ.

ಆ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ದೀಪವೋ, ಪೆಟ್ಟಿಗೆಯೋ?

ನಾನು ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೈ ತಾನಾಗಿ ಪೆಟ್ಟಿಗೆಗೆ ಹೋಯಿತು.

"ಮಾಮ, ದೀಪ! ದೀಪ ತನ್ನಿ!" ಶ್ವೇತಾ ಕೂಗಿದಳು.

ಆಗ ನಾನು ತುಳುವಿಗೆ ಇಳಿದೆ. ನಮ್ಮ ಕಡೆಯವರಿಗೆ ಇದು ಗೊತ್ತು. ಎದುರಿಗೆ ಇದ್ದವರಿಗೆ ತಿಳಿಯಬಾರದು ಅನ್ನಿಸಿದ ಕೂಡಲೇ ಬಾಯಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಜಾರುತ್ತದೆ. ಘಟ್ಟದ ಮೇಲಿನವರು ಬಂದರೆ ತುಳು, ತುಳು ಬಲ್ಲವರು ಬಂದರೆ ಅರೆಭಾಷೆ, ಅರೆಭಾಷೆಯೂ ಬಲ್ಲವರು ಬಂದರೆ ಮಲಯಾಳ. ಕದ ಹಾಕಿಕೊಂಡು ಮಾತಾಡಿದಷ್ಟೇ ಧೈರ್ಯ ನಮಗೆ.

"ಬಿಡು ಮಾರಾಯ್ತಿ, ಅದೊಂದು ಹೊರೆ" ಎಂದೆ ತುಳುವಿನಲ್ಲಿ. "ಮದುವೆ ಮನೆಗೆ ಬಂದ ಮುದುಕಿಯ ಹಾಗೆ ಕಂಡ ಡಬ್ಬವನ್ನೆಲ್ಲ ತೆಗೆದು ನೋಡುದು. ಇಂಥವರ ಹೆಸರು ಗೋಡೆಯಲ್ಲಿ ಬಂದು ಎಂತ ಆಗ್ಬೇಕು?"

"ಮಾಮ, ಮೆಲ್ಲ! ಮೈಕ್ ಆನ್ ಉಂಟು."

"ದುಬೈ ಹುಡುಗನಿಗೆ ತುಳು ಎಲ್ಲಿ ಬರ್ತದೆ? ಮತ್ತೆ ಅವ ಸತ್ತಾಯ್ತಲ್ಲ!"

ಓಡಿದೆ. ಬಾಗಿಲು ದಾಟಿದೆ. ಬಾಗಿಲು ಮುಚ್ಚಿತು. ಗೋಡೆಯಲ್ಲಿ ನನ್ನ ಹೆಸರನ್ನು ಇನಿಶಿಯಲ್ ಸಮೇತ ಟೈಪ್ ಮಾಡಿದೆ. ಬಂಗಾರ. ಪಕ್ಕದ ಕಲ್ಲಿನಲ್ಲಿ ಶ್ವೇತಾ, ಸಾದಾ ಅಕ್ಷರದಲ್ಲಿ. ಮೂರನೆಯ ಕಲ್ಲು ಖಾಲಿ. ನಾನು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಪೆರಾಬೆಯ ಚಿಕ್ಕಮ್ಮ ಕೈ ಮುಗಿಯುವ ಚಿತ್ರ ಕಳಿಸಿದರು. (ದೇವಸ್ಥಾನದ ದಾನಿಗಳ ಪಟ್ಟಿ ಎಂದುಕೊಂಡರೋ ಏನೋ.)

ಎರಡು ದಿನ ಬಿಟ್ಟು ಅಶ್ಫಾಕ್ ಫೋನ್ ಮಾಡಿದ. "ಸರ್, ಭಾನುವಾರ ನೀವೂ ಶ್ವೇತಾಳೂ ಮನೆಗೆ ಊಟಕ್ಕೆ ಬರ್ಬೇಕು. ಉಮ್ಮ ಹೇಳಿದ್ದಾರೆ." ಅಮ್ಮನೂ ನನ್ನ ಓದುಗರೇ ಇರಬೇಕೆಂದು ಉಬ್ಬಿಕೊಂಡು ಹೋದೆ.

ಹಾಗೆ ಕೂತಿದ್ದೆ, ಪತ್ತಿರ್ ಮುರಿಯುತ್ತ. ಬಡಿಸುತ್ತಿದ್ದವರು ಅಶ್ಫಾಕನ ತಾಯಿ ಐಸಮ್ಮ. ಚುರುಕಿನ ಕಣ್ಣು, ಕಡಿಮೆ ಮಾತು. ಹೊಟ್ಟೆ ತುಂಬುತ್ತಿದ್ದಂತೆ ನನ್ನ ನಾಲಿಗೆ ಸಡಿಲವಾಯಿತು. ಆಟದ ಕತೆ ಶುರು ಮಾಡಿದೆ. ಗೆಸ್ಟ್ ಹೇಗೆ ಬಗ್ಗಿ ಬಗ್ಗಿ ಭರಣಿಯೊಳಗೆ ಇಣುಕುತ್ತಿತ್ತು ಎಂದು ಕೂತಲ್ಲೇ ಅಭಿನಯಿಸಿ ತೋರಿಸಿದೆ.

"ಸರ್, ಅದು..." ಎಂದು ಅಶ್ಫಾಕ್ ಬಾಯಿ ತೆರೆದ. ಐಸಮ್ಮ ಅವನ ಕಡೆ ಒಮ್ಮೆ ನೋಡಿದರು. ಅವನು ತಟ್ಟೆ ನೋಡತೊಡಗಿದ. ನನಗೆ ಅದೂ ತಿಳಿಯಲಿಲ್ಲ.

"ಅಂತೂ ಅಲ್ಲೇ ಸತ್ತಿತು, ನಾನು ಅಲ್ಲೇ ಬಿಟ್ಟು ಬಂದೆ" ಎಂದು ನಕ್ಕೆ.

ಐಸಮ್ಮ ಸಾರಿನ ಪಾತ್ರೆ ಕೆಳಗಿಟ್ಟರು.

"ದೀಪ ಆದವರಿಗೆ ಹೊರಗೆ ಮಾತಾಡಿದ್ದೆಲ್ಲ ಕೇಳ್ತದೆ ಸರ್" ಎಂದರು. "ಅವರಿಗೆ ಮಾತಾಡ್ಲಿಕ್ಕೆ ಆಗುದಿಲ್ಲ, ಅಷ್ಟೇ. ನೀವು ಸತ್ತಾಗ ಕೇಳಿರ್ಲಿಲ್ವಾ?"

ನಾನು ಸತ್ತಾಗ ಕಾಫಿಗೆ ಹೋಗಿದ್ದೆನಲ್ಲ. ಶ್ವೇತಾ ಒಮ್ಮೆಯೂ ಸತ್ತವಳಲ್ಲ, ಅವಳಿಗೂ ಗೊತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಯಿತು. ಆದರೂ ವಾಕ್ಯ ಶುರುವಾಗಿತ್ತು, ಮುಗಿಸಬೇಕಾಯಿತು.

"ನಾನು ಆಟ ಮುಚ್ಚುವವರೆಗೆ ದೀಪ ಆಗಿಯೇ ಕೂತಿದ್ದೆ. ಯಾರಾದ್ರೂ ಬರ್ತಾರೇನೋ ಅಂತ."

ಆಮೇಲಿನದ್ದನ್ನು ಅವರು ತುಳುವಿನಲ್ಲೇ ಹೇಳಿದರು. ನನ್ನ ತುಳುವಿಗಿಂತ ಅವರದ್ದೇ ಚಂದ. "ಮುದುಕಿ ಅಂದದ್ದಕ್ಕೆ ಬೇಜಾರಿಲ್ಲ. ವಯಸ್ಸಾಗಿದೆ, ಸುಳ್ಳಲ್ಲ. ಆದ್ರೆ ಡಬ್ಬ ತೆಗೆದು ನೋಡುದು ಅಂತ ನಗಾಡಿದ್ರಲ್ಲ, ಆ ಡಬ್ಬದಲ್ಲಿದ್ದ ಮದ್ದು ತಿಂದೇ ನೀವು ಕೊನೆಯವರೆಗೆ ಬಂದದ್ದು."

ನಾನು ಲೋಟಕ್ಕಾಗಿ ಅತ್ತಿತ್ತ ನೋಡಿದೆ. ನೀರು ಕೇಳಲೂ ನಾಚಿಕೆ. ಅವರೇ ಲೋಟ ಮುಂದೆ ಸರಿಸಿದರು. ಅದು ಇನ್ನೂ ಕಷ್ಟವಾಯಿತು.

ಗಂಡ ಗಲ್ಫಿನಲ್ಲಿದ್ದ ವರ್ಷಗಳಲ್ಲಿ, ಮಗ ಕಂಪ್ಯೂಟರಿನಲ್ಲಿ ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತ ಕಲಿತರಂತೆ. ಈ ವಯಸ್ಸಿನಲ್ಲಿ ಆಟವೇ ಎಂದು ಜನ ನಕ್ಕಾರು ಎಂದು ಯಾರಿಗೂ ಹೇಳಿಲ್ಲ. ಮೈಕಿನಲ್ಲಿ ಮಾತಾಡದಿದ್ದದ್ದೂ ಅದಕ್ಕೇ. ಮಗನಿಗೆ ನನ್ನ ಮಾತಿನ ಒಂದಕ್ಷರವನ್ನೂ ಅವರು ಹೇಳಿರಲಿಲ್ಲ. ಅವನಿಗೆ ಗೊತ್ತಾದದ್ದು ಆ ಊಟದ ಹೊತ್ತಿನಲ್ಲೇ, ನನ್ನ ಎದುರಿನಲ್ಲೇ. ನನ್ನ ಓದುಗನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಹೆಸರು ಎಂತಕ್ಕೆ ಅಂತ ಕೇಳಿದ್ರಲ್ಲ ಸರ್" ಎಂದರು ಐಸಮ್ಮ, ಈಗ ಕನ್ನಡದಲ್ಲಿ. "ಗೇಟಿನಲ್ಲಿ ಇವರ ಹೆಸರುಂಟು. ಅಂಗಡಿಯ ಬೋರ್ಡಿನಲ್ಲಿ ಮಗನದ್ದು. ಮದುವೆ ಕಾಗದ ಬಂದ್ರೆ ಅದರಲ್ಲಿ ‘ಮತ್ತು ಮನೆಯವರು’. ಒಂದು ಕಡೆ ಐಸಮ್ಮ ಅಂತ ಬಂದ್ರೆ ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ ಆಸೆ ಇತ್ತು. ಅಷ್ಟೇ, ಮತ್ತೆಂತ ಇಲ್ಲ."

ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತೇವೆ. ಬಡಿಸಿ, ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಯಾರಾದರೂ ಜೋರಾಗಿ ಹರಟಿದರೆ ನನ್ನಮ್ಮ ಬಾಯಿ ಮೇಲೆ ಬೆರಳಿಡುತ್ತಿದ್ದರು. "ಮೆಲ್ಲ ಪಾತೆರ್ಲೆ, ಅಕ್ಲೆಗ್ ಕೇನುಂಡು." ಮೆಲ್ಲಗೆ ಮಾತಾಡಿ, ಅವರಿಗೆ ಕೇಳಿಸುತ್ತದೆ. ವರ್ಷ ವರ್ಷ ಕೇಳಿ ಬೆಳೆದ ಮಾತು. ಸತ್ತವರ ಎದುರು ಬಾಯಿಗೆ ಬಂದದ್ದು ಆಡಬಾರದು ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಅದು ನಮ್ಮ ಮನೆಯ ಸತ್ತವರಿಗೆ ಮಾತ್ರ ಎಂದುಕೊಂಡಿದ್ದೆ. ತುಳು ಸಹ ನಮ್ಮ ಮನೆಯದು ಮಾತ್ರ ಎಂದುಕೊಂಡಿದ್ದೆ. ನಾಲ್ಕು ಭಾಷೆ ಬರುತ್ತದೆಂದು ಜಂಬಪಡುವ ಊರಿನಲ್ಲಿ, ಪಕ್ಕದ ಮನೆಯವರಿಗೂ ಅದೇ ನಾಲ್ಕು ಬರುತ್ತದೆಂದು ಮರೆತುಬಿಡುವವನಿಗೆ ಎಂತ ಹೇಳುವುದು?

ಮರುದಿನವೇ ಅಶ್ಫಾಕ್ ಮೂಲಕ ಕಂಪನಿಗೆ ಬರೆಸಿದೆ. ನನ್ನ ಹೆಸರು ತೆಗೆಯಿರಿ, ಆ ಕಲ್ಲಿನಲ್ಲಿ ಐಸಮ್ಮ ಎಂದು ಹಾಕಿ. ಚಿಕ್ಕ ಉತ್ತರ ಬಂತು. ಪರೀಕ್ಷೆ ಮುಗಿದಿದೆ, ಗೋಡೆಯನ್ನು ಇನ್ನು ಮುಟ್ಟಲಾಗುವುದಿಲ್ಲ, ಕ್ಷಮಿಸಿ.

ಅದನ್ನು ಓದಿದಾಗ ಬೇಸರವಾಯಿತು. ಬೇಸರದ ಅಡಿಯಲ್ಲಿ ಒಂದು ಚೂರು ಸಮಾಧಾನವೂ ಆಯಿತು, ಬಂಗಾರದ ಹೆಸರು ಉಳಿಯಿತಲ್ಲ ಎಂದು. ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ನಾಚಿಕೆಯಾದದ್ದು ಆ ಚೂರಿಗೆ.

ಐಸಮ್ಮನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. "ಆಯ್ತು ಸರ್, ಬಿಡಿ" ಎಂದರು. ಬಿಟ್ಟ ಹಾಗೆ ಕೇಳಿಸಲಿಲ್ಲ. ಗೋಡೆಯಲ್ಲಿ ಆಗದಿದ್ದರೆ ಏನಾಯಿತು, ಈ ವಾರದ ಅಂಕಣದಲ್ಲಿ ನಿಮ್ಮ ಹೆಸರು ಬರೆಯುತ್ತೇನೆ, ಊರಿಡೀ ಓದುತ್ತದೆ, ಆಗಬಹುದಾ ಎಂದು ಕೇಳಿದೆ. ದೊಡ್ಡ ಉಪಕಾರ ಮಾಡುವವನ ದನಿ ನನ್ನದು. ಅದು ಹೋಗುವುದೇ ಇಲ್ಲ ನೋಡಿ.

"ಬರೀರಿ, ತೊಂದರೆ ಇಲ್ಲ. ನಗುವವರು ನಗಾಡ್ಲಿ" ಎಂದರು. "ಆದ್ರೆ ಪೇಪರ್ ನಾಳೆ ಮೀನು ಕಟ್ಲಿಕ್ಕೆ ಹೋಗ್ತದಲ್ಲ ಸರ್. ಗೋಡೆ ಹಾಗಲ್ಲ."

ಆಟ ಹೇಗಿದೆ ಎಂದು ಕೇಳುವವರಿಗೆ ಇಷ್ಟೇ ಹೇಳುತ್ತೇನೆ. ಚೆನ್ನಾಗಿದೆ, ಬಿಡುಗಡೆಯಾದ ಕೂಡಲೇ ಆಡಿ. ಹೆಬ್ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಬಂಗಾರದ ಅಕ್ಷರದ ಒಂದು ಹೆಸರು ಕಾಣುತ್ತದೆ. ಅದನ್ನು ಓದದಿದ್ದರೂ ನಡೆಯುತ್ತದೆ. ಅದೇ ಸಾಲಿನ ಖಾಲಿ ಕಲ್ಲು ಯಾರದ್ದೆಂದು ಈಗ ನಿಮಗೆ ಗೊತ್ತಲ್ಲ?