ಕೈ ಯಾವ ಕಡೆಗೆ ಹೋಯಿತು

ಅಕ್ಕೋರ ಕನ್ನಡಕದ ಮೇಲೆ ಸದಾ ತೌಡಿನ ಧೂಳು ಕೂತಿರುತ್ತಿತ್ತು. ಸೆರಗಿನಿಂದ ಒರೆಸುವರು, ಐದು ನಿಮಿಷಕ್ಕೆ ಮತ್ತೆ ಮಬ್ಬು. ಕೊರಳಲ್ಲಿ ಓಟದ ಪಂದ್ಯಕ್ಕೆ ಬಳಸುವಂಥ ಗಡಿಯಾರ. ಲಿಂಗಸೂಗೂರಿನವರು, ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದರು. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಏನು ನಡೆಯುತ್ತದೆ ಎಂಬುದೇ ಅವರ ಅಭ್ಯಾಸದ ವಿಷಯವಂತೆ. ಅದಕ್ಕಾಗಿಯೇ ತೊಂಬತ್ತರ ಸುಮಾರಿಗೆ ಸಿಂಧನೂರಿನ ನಮ್ಮ ಅಕ್ಕಿ ಗಿರಣಿಗೆ ಬಂದರು.

ಬಂದದ್ದು ಕೆಟ್ಟ ಗಳಿಗೆಯಲ್ಲಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಹನ್ನೆರಡು ವರ್ಷ ದುಡಿದು ಆಪರೇಟರ್ ಆದವನು. ಪರದೇಶದಿಂದ ಬಂದ ಹೊಸ ಯಂತ್ರವನ್ನೂ ನನ್ನ ಕೈಗೇ ಕೊಟ್ಟಿದ್ದರು. ಯಂತ್ರ ಬಂದ ಮೂರನೆಯ ವಾರ, ಜವಳಗೇರಾದ ನನ್ನ ಜೋಡಿದಾರನ ಕೈ ಬೆಲ್ಟಿಗೆ ಸಿಕ್ಕಿತು. ನಿಲ್ಲಿಸಲು ಹ್ಯಾಂಡಲ್ ಒತ್ತಿದೆ. ಅಲುಗಲಿಲ್ಲ. "ಜಾಮ್ ಆಗೇತಿ" ಎಂದು ಕೂಗಿದೆ. ಅಷ್ಟರಲ್ಲಿ ಅವನ ಎರಡು ಬೆರಳು ಹೋದವು. ಆಮೇಲೆ ನೋಡಿದರೆ ಹ್ಯಾಂಡಲ್ಲಿಗೆ ಏನೂ ಆಗಿರಲಿಲ್ಲ.

"ನಿನ್ನ ಲಕ್ಷ್ಯ ಎಲ್ಲಿತ್ತಲೇ?" ಎಂದರು ಸಾಹುಕಾರರು. ಊರೆಲ್ಲ ಅದನ್ನೇ ಕೇಳಿತು. ನನ್ನನ್ನು ಚೀಲ ಹೊರಲು ಹಾಕಿದರು.

ಆ ವಾರವೇ ಬಂದ ಅಕ್ಕೋರು ಮಾತ್ರ ಬೇರೆ ಕೇಳಿದರು: "ಅವತ್ತು ನಿಮ್ಮ ಕೈ ಯಾವ ಕಡೆಗೆ ಹೋತು?"

"ಹ್ಯಾಂಡಲ್ ಕಡೆಗೇ ಹೋತ್ರಿ. ಮತ್ತೆಲ್ಲಿಗೆ ಹೋಗ್ತೈತಿ?"

"ಮ್ಯಾಲಕೋ, ಕೆಳಗೋ?"

"ಅದನ್ನ ನೆನಪಿಟ್ಕೊಳ್ಳಾಕ ನಾ ಏನು ನಿಮ್ಮಂಗ ಪರೀಕ್ಷಾಕ ಕುಂತಿದ್ನೇನ್ರಿ?"

ನಕ್ಕು, ಅದನ್ನೂ ಬರೆದುಕೊಂಡರು. ಹಲಗೆಯೊಂದಕ್ಕೆ ಹ್ಯಾಂಡಲ್ ಜಡಿದು ತಂದರು. ಚಹಾ ಬಾಯಿಗಿಟ್ಟ ಹೊತ್ತಿಗೇ "ಬಂದ್ ಮಾಡ್ರಿ" ಅನ್ನುವರು, ಗಡಿಯಾರ ಒತ್ತುವರು, "ಮತ್ತೊಮ್ಮಿ" ಅನ್ನುವರು. ದಿನಕ್ಕೆ ನಲವತ್ತು ಸಲ. ಬೆನ್ನ ಮೇಲೆ ಚೀಲ ಹೊತ್ತು ಸತ್ತವನಿಗೆ ಇದೊಂದು ಆಟ.

"ನಾ ಮಂಗ್ಯಾ ಅಲ್ರಿ ಅಕ್ಕೋರ."

"ಮಂಗ್ಯಾ ನಿಮ್ಮಷ್ಟು ಜಗಳ ಆಡೂದಿಲ್ರಿ. ಮತ್ತೊಮ್ಮಿ."

ಹದಿನೈದು ದಿನದ ಮೇಲೆ ಹೇಳಿದರು: "ನಮ್ಮ ಮನ್ಯಾಗಿನ ಸ್ವಿಚ್ ಕೆಳಗ ಒತ್ತಿದ್ರ ಚಾಲೂ, ಮ್ಯಾಲ ಒತ್ತಿದ್ರ ಬಂದ್. ಈ ಮಷಿನ್ ಮಾಡಿದವರ ದೇಶದಾಗ ಉಲ್ಟಾ. ಗಾಬರಿ ಬಿದ್ದಾಗ ಕೈ ಮನೀ ರೂಢಿಗೇ ಹೋಗ್ತೈತಿ. ನೀವು ಮೊದಲ ಮ್ಯಾಲ ಇದ್ದ ಹ್ಯಾಂಡಲ್ ಮತ್ತ ಮ್ಯಾಲಕ್ಕ ಒತ್ತೀರಿ."

ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಇಷ್ಟೇನಾ? ಇಷ್ಟಕ್ಕೆ ಎರಡು ಬೆರಳಾ?

ಸಾಹುಕಾರರು ಕೇಳಿ ನಕ್ಕರು. "ಓದಿದವರು ಓದದವಗ ವಕಾಲತ್ತು ಮಾಡಾಕತ್ತಾರ."

ಅಕ್ಕೋರು ವಾದಿಸಲಿಲ್ಲ. ಒಂದು ಮಧ್ಯಾಹ್ನ ಸಾಹುಕಾರರು ಯಂತ್ರದ ಪಕ್ಕ ನಿಂತು ಯಾರಿಗೋ ಬೈಯುತ್ತಿದ್ದಾಗ, ಅಕ್ಕೋರು ಹಿಂದಿನಿಂದ ಕೂಗಿದರು: "ಸಾವ್ಕಾರ್ರ, ಬಂದ್ ಮಾಡ್ರಿ, ಬಂದ್ ಮಾಡ್ರಿ."

ಸಾಹುಕಾರರ ಕೈ ಹಾರಿ ಹ್ಯಾಂಡಲ್ಲನ್ನು ಮೇಲಕ್ಕೆ ಒತ್ತಿತು. ಮತ್ತೆ ಒತ್ತಿತು. ಅಕ್ಕೋರು ಎಣಿಸುತ್ತಿದ್ದರು, ಒಂದು, ಎರಡು, ಮೂರು.

"ಏ, ಜಾಮ್ ಆಗೇತ್ಲೇ" ಎಂದರು ಸಾಹುಕಾರರು.

ಹಮಾಲರೆಲ್ಲ ನನ್ನ ಮುಖ ನೋಡಿದರು.

ಮರುದಿನ ಯಂತ್ರದ ಹ್ಯಾಂಡಲ್ ಇದ್ದ ಬೋರ್ಡನ್ನು ತಲೆಕೆಳಗು ಮಾಡಿ ಕೂರಿಸಿದರು. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳು ಶೀರ್ಷಾಸನ ಹಾಕಿದವು. ಮೊದಲೂ ಅವನ್ನು ಯಾರು ಓದುತ್ತಿದ್ದರು? ನನ್ನ ಕೆಲಸ ನನಗೆ ಬಂತು. ಆದರೆ "ನಿನ್ನ ತಪ್ಪಲ್ಲ" ಎಂಬ ಮಾತು ಸಾಹುಕಾರರ ಬಾಯಿಂದ ಇವತ್ತಿಗೂ ಬಂದಿಲ್ಲ.

ಐದಾರು ವರ್ಷದ ಮೇಲೆ ಮಸ್ಕಿಯ ಶಾಲೆಯೊಂದರಲ್ಲಿ ಅಕ್ಕೋರು ಸಿಕ್ಕರು. ಮಗ್ಗಿ ಹೇಳಿಸುತ್ತಿದ್ದರು. ಅವರ ವಿದ್ಯೆಗೆ ನಮ್ಮ ಕಡೆ ಯಾವ ದಫ್ತರದಲ್ಲೂ ಖುರ್ಚಿ ಇರಲಿಲ್ಲವಂತೆ. ಕನ್ನಡಕ ಒರೆಸುತ್ತ, "ಧೂಳು ಅಷ್ಟ ಬದಲಾಗೇತಿ ನೋಡ್ರಿ, ಈಗ ಸೀಮೆಸುಣ್ಣದ್ದು" ಎಂದರು. ಅವರಿಗಿಂತ ನನಗೇ ಹೆಚ್ಚು ಸಂಕಟವಾಯಿತು.

"ನಿಮ್ಮ ಜೋಡಿದಾರಗ ಹೇಳಿದ್ರೇನ್ರಿ?" ಎಂದು ಕೇಳಿದರು.

ಹೇಳಿರಲಿಲ್ಲ. ಅವನು ಮಾತು ಬಿಟ್ಟಿದ್ದ, ನಾನೂ ಬಿಟ್ಟಿದ್ದೆ. ನನ್ನ ತಪ್ಪಲ್ಲ ಎಂದು ನಾನೇ ಹೋಗಿ ಹೇಳುವುದೇ?

ಅವತ್ತು ಸಂಜೆ ಸಿಂಧನೂರಿನಲ್ಲಿ ಇಳಿದವನು ಮನೆಗೆ ಹೋಗದೆ ಜವಳಗೇರಾದ ಬಸ್ಸು ಹತ್ತಿದೆ. ಅವನ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವನು ನನ್ನನ್ನು ನೋಡಿ ಮುಖ ತಿರುವಿದ. ಹೊಸ್ತಿಲಲ್ಲೇ ನಿಂತು, ಅಕ್ಕೋರ ಹಾಗೆ ಥಟ್ಟನೆ ಅಂದೆ: "ಲೇ, ದೀಪ ಬಂದ್ ಮಾಡು."

ಅವನ ಮೂರು ಬೆರಳಿನ ಕೈಯೂ ಹಾರಿ ಸ್ವಿಚ್ಚನ್ನು ಮೇಲಕ್ಕೇ ಒತ್ತಿತು.