ಹೊತ್ತು ಮುಳುಗುವ ಮೊದಲು ಉದ್ಘಾಟನೆ

ನಮ್ಮ ಕಲಾಶಾಲೆಯಲ್ಲಿ ಚಿತ್ರ ಬರೆಯೋದು ಕೊನೆಯ ಕೆಲಸ. ಮೊದಲು ಚಿತ್ರದ ಬಗ್ಗೆ ಒಂದು ಪುಟ ಬರೆಯಬೇಕು, ಅದೂ ಯಾರಿಗೂ ಅರ್ಥವಾಗದ ಹಾಗೆ. ನನ್ನ ಜೊತೆಯವನೊಬ್ಬ ಹಳೇ ಸೈಕಲ್ಲಿಗೆ ಸೊಳ್ಳೆಪರದೆ ಸುತ್ತಿ ನಿಲ್ಲಿಸಿದ್ದ. ಪಕ್ಕದ ಗೋಡೆಯ ಮೇಲೆ ಆ ಸೈಕಲ್ಲಿಗಿಂತ ಉದ್ದದ ಬರಹ: ಚಲನೆ, ಸ್ಮೃತಿ, ವಲಸೆ, ದೇಹ. ಎಲ್ಲಿಂದ ತಂದೆಯೋ ಸೈಕಲ್ಲು ಅಂತ ಕೇಳಿದೆ. ಪಕ್ಕದ ಮನೆಯವರದ್ದಂತೆ, ಪ್ರದರ್ಶನ ಮುಗಿದ ಮೇಲೆ ಅವರು ಪೇಟೆಗೆ ಹೋಗಬೇಕಂತೆ.

ಶಾಲೆ ಇರುವುದು ವಯನಾಡಿನಲ್ಲಿ, ಮಾನಂತವಾಡಿಗೆ ಹೋಗುವ ರಸ್ತೆಯ ಬದಿಯ ಹಳೇ ಕಾಫಿ ಗೋಡೌನಿನಲ್ಲಿ. ಬೇಸಿಗೆ ಬಂದರೆ ಅರ್ಧ ಗೋಡೌನು ಮಕ್ಕಳ ಶಿಬಿರಕ್ಕೆ, ಇನ್ನರ್ಧ ಕೊನೇ ವರ್ಷದವರ ಪ್ರದರ್ಶನಕ್ಕೆ. ಶಿಬಿರದ ಮಕ್ಕಳಿಗೆ ಕಲಿಸುವವರೂ ನಾವೇ. ಅದಕ್ಕೆ ‘ಬೋಧನಾ ಅನುಭವ’ ಅಂತ ಹೆಸರು. ಬಿಟ್ಟಿ ಚಾಕರಿ ಅಂತ ಬರೆದರೆ ಸರ್ಟಿಫಿಕೇಟಿನಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ! ಕಿಟಕಿಯಾಚೆ ಸಾಕ್ಷಾತ್ ಬೆಟ್ಟಗಳ ಸಾಲೇ ನಿಂತಿದ್ದರೂ ಆ ಮಕ್ಕಳು ಅದಕ್ಕೆ ಬೆನ್ನು ಹಾಕಿ ಕೂತು, ತ್ರಿಕೋನದ ಎರಡು ಗುಡ್ಡ ಬರೆದು, ನಡುವೆ ನಗುವ ಸೂರ್ಯನನ್ನು ಇಡುತ್ತಿದ್ದರು. ಹೊರಗೆ ನೋಡ್ರೋ ಅಂದರೆ, ನೋಡಿ, ಪುನಃ ಅದನ್ನೇ ಬರೆಯುತ್ತಿದ್ದರು. ಕೊನೆಗೆ ನಾನೂ ಬಾಯಿ ಮುಚ್ಚಿಕೊಂಡು ಹಳದಿ ಬಣ್ಣ ಕಲಸಿಕೊಟ್ಟೆ.

ನನ್ನ ಚಿತ್ರದಲ್ಲಿ ಇದ್ದವಳು ನನ್ನ ಅಜ್ಜಿ. ನಾವು ವೆಳ್ಳಮುಂಡದ ಕಡೆಯ ಜೈನರು. ಹೊರಗೆಲ್ಲ ಮಲಯಾಳ, ಮನೆಯೊಳಗೆ ಕನ್ನಡ. ಹೊತ್ತು ಮುಳುಗಿದ ಮೇಲೆ ಅಜ್ಜಿ ಏನೂ ತಿನ್ನುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಹುಳುಹುಪ್ಪಟೆ ಅನ್ನದ ಜೊತೆ ಹೊಟ್ಟೆಗೆ ಹೋದೀತು, ಒಂದು ಜೀವ ತೆಗೆದ ಪಾಪ ಬಂದೀತು ಅಂತ. ಲೈಟು ಹಾಕಿದರೆ ಆಗದಾ ಅಂದರೆ, ಲೈಟಿಗೇ ಅಲ್ವೇನೇ ಹುಳ ಬರೋದು ಅನ್ನುತ್ತಾಳೆ. ದಿನಾ ಸಂಜೆ ಪಡುವಣ ಕಿಟಕಿಯ ಹತ್ತಿರ ತಟ್ಟೆ ಇಟ್ಟುಕೊಂಡು, ಅನ್ನವನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಒಂದು ಮಾತಾಡದೆ ಉಂಡು ಏಳುತ್ತಾಳೆ. ಉಣ್ಣುವ ಮೊದಲು ಒಂದು ಗಳಿಗೆ ಹೊರಗೆ ನೋಡುತ್ತಾ ಕೂರುತ್ತಾಳಲ್ಲ, ಅದನ್ನೇ ನಾನು ಗೋಡೆಯಷ್ಟು ದೊಡ್ಡದಾಗಿ ಬರೆದಿದ್ದೆ.

ಅದನ್ನು ಅವಳಿಗೆ ತೋರಿಸಬೇಕಿತ್ತು. ಬೇಗ ತೋರಿಸಬೇಕಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಮಳೆಗಾಲದ ಹೊತ್ತಿಗೆ ಇರೋದೂ ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ಒಳ್ಳೇ ಬಿಸಿಲು ಬಿದ್ದ ವಸ್ತು ಅವಳಿಗೆ ಇನ್ನೂ ಕಾಣುತ್ತಿತ್ತು. ನೆರಳಿಗೆ ಬಂದರೆ ಎಲ್ಲ ಒಂದೇ ಮಸಿ. ಮಾರ್ಕು, ಡಿಗ್ರಿ ಎಲ್ಲ ಹಾಳಾಗಿ ಹೋಗಲಿ, ಅಜ್ಜಿ ಒಂದು ಸಲ ನೋಡಿದರೆ ಸಾಕು ಅಂತ ನನಗೆ ಹಗಲೂ ರಾತ್ರಿ ಅದೇ ಧ್ಯಾನ.

ನಮ್ಮ ಸಾರ್ ಏನು ಮಾಡಿದರು ಗೊತ್ತಾ? ಗೋಡೌನಿನಲ್ಲಿ ನನ್ನ ಚಿತ್ರಕ್ಕೆ ಕೊಟ್ಟ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿದರು.

“ಕತ್ತಲೆಯೇ ನಿನ್ನ ಕೃತಿಯ ಮಾತು,” ಅಂದರು ಗಡ್ಡ ನೀವಿಕೊಳ್ಳುತ್ತಾ. “ನೋಡುವವನು ಅದನ್ನು ಹುಡುಕಿಕೊಂಡು ಬರಬೇಕು.” ಮೇಲಿಂದ ಬೆರಳಷ್ಟು ದಪ್ಪದ ಒಂದು ಬೆಳಕು ಬಿಟ್ಟಿದ್ದರು. ಅದು ನೇರವಾಗಿ ಚಿತ್ರದ ಚೌಕಟ್ಟಿನ ಮೇಲೆ ಬೀಳುತ್ತಿತ್ತು.

“ಸಾರ್, ಇದು ಬಿಸಿಲಿನ ಚಿತ್ರ,” ಅಂದೆ.

“ಅದಕ್ಕೇ,” ಅಂದರು.

ಅಜ್ಜಿಯ ಕಣ್ಣಿನ ವಿಷಯವನ್ನೂ ಹೇಳಿ ನೋಡಿದೆ. ಕೇಳಿ ಅವರು ಬಹಳ ಮರುಗಿದರು. ಮರುಗಿ, ಕಾಗದದ ಮೂಲೆ ಬಿಟ್ಟುಕೊಂಡಿದ್ದನ್ನು ಹೆಬ್ಬೆರಳಿನಿಂದ ಒತ್ತಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಉದ್ಘಾಟನೆ ಮೂರು ಗಂಟೆಗೆ. ಅಪ್ಪ ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಎರಡೂವರೆಗೇ ಬಂದುಬಿಟ್ಟಿದ್ದರು. ಅಜ್ಜಿ ಬಸದಿಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಊಟದ ಡಬ್ಬಿ, ಸೋಸಿದ ನೀರಿನ ಬಾಟಲಿ. ನಾಲ್ಕಕ್ಕೆಲ್ಲ ಮನೆ ಸೇರುತ್ತೀರಿ, ಡಬ್ಬಿ ಯಾಕೆ ಅಂತ ನಾನು ನಕ್ಕಿದ್ದೆ. “ನಿಮ್ಮ ದೊಡ್ಡಮನುಷ್ಯರನ್ನು ನಂಬಿ ಹೊಟ್ಟೆ ಕಟ್ಟಲಾ ನಾನು?” ಅಂದಳು.

ಗೋಡೌನಿನ ಬಾಗಿಲಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು. ಮುಖ್ಯ ಅತಿಥಿ ಕೊಚ್ಚಿಯಿಂದ ಬರಬೇಕು. ಮೂರಾಯಿತು, ನಾಲ್ಕಾಯಿತು. ಚುರದಲ್ಲಿ ಬ್ಲಾಕ್ ಅಂತ ಫೋನು ಬಂತು. ವಯನಾಡಿನಲ್ಲಿ ಮದುವೆ ಗಂಡು ತಡವಾದರೂ, ಸಾಲ ಕೊಡುವವನು ಬಾರದಿದ್ದರೂ ಕಾರಣ ಒಂದೇ, ಚುರದ ಘಾಟಿ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿದೆ. ಆ ಲಾರಿಗೆ ಯಾರಾದರೂ ಒಂದು ಸನ್ಮಾನ ಮಾಡಬೇಕು. ಅದೇ ಹೊತ್ತಿಗೆ ಸಾರ್ ಮೈಕಿನಲ್ಲಿ ಸಮಕಾಲೀನ ಕಲೆಯಲ್ಲಿ ಕಾಯುವಿಕೆಯ ಮಹತ್ವ ಅಂತ ಶುರುಮಾಡಿದರು. ಕಾದು ಕಾದು ಕುರ್ಚಿಯಲ್ಲಿ ಜಾರಿದ್ದ ಶಿಬಿರದ ಮಕ್ಕಳು ಚಪ್ಪಾಳೆ ಹೊಡೆದರು, ಮಾತು ಮುಗಿಯಿತು ಅಂತ ತಪ್ಪು ತಿಳಿದು.

ಐದು ಗಂಟೆ ಆಗುವಾಗ ನಾನು ಸಾರ್ ಹತ್ತಿರ ಹೋದೆ. “ಸಾರ್, ಅಜ್ಜಿಯನ್ನು ಒಬ್ಬಳನ್ನೇ ಒಳಗೆ ಬಿಡಿ. ಕಾಗದ ತೆಗೆಯುತ್ತೇನೆ, ತೋರಿಸಿ ಪುನಃ ಅಂಟಿಸುತ್ತೇನೆ.”

“ರಿಬ್ಬನ್ನಿಗೆ ಮೊದಲು ಯಾರೂ ಒಳಗೆ ಹೋಗುವ ಹಾಗಿಲ್ಲ.”

“ಅವಳಿಗೆ ಕಣ್ಣು ಹೋಗ್ತಾ ಇದೆ ಸಾರ್!”

“ಅತಿಥಿಗಳು ಹತ್ತಿರ ಬಂದರು,” ಅಂದರು. ಆಮೇಲೆ ನನ್ನನ್ನು ಹಾಲು ಹಾಕದ ಕಟ್ಟನ್ ಚಾಯ ಎಷ್ಟು ಮಾಡಿದ್ದಾರೆ ನೋಡಿಕೊಂಡು ಬಾ ಅಂತ ಹಿಂದಿನ ಶೆಡ್ಡಿಗೆ ಅಟ್ಟಿದರು. ಮನಸ್ಸಿನಲ್ಲೇ ಅವರ ಗಡ್ಡಕ್ಕೆ ಬೆಂಕಿ ಇಟ್ಟು ನಾನು ಹೋದೆ.

ವಾಪಸ್ ಬಂದಾಗ ಜೀಪಿನಲ್ಲಿ ಅಜ್ಜಿ ಇಲ್ಲ. ಅಪ್ಪ ಸ್ಟೀರಿಂಗಿನ ಮೇಲೆ ತಲೆ ಇಟ್ಟು ನಿದ್ದೆ. ಅಂಗಳದ ಜನರೆಲ್ಲ ಅತಿಥಿಯ ಕಾರು ಬರುವ ಕಡೆ ಮುಖ ಮಾಡಿ ನಿಂತಿದ್ದರು. ನಾನು ಬಾಗಿಲ ಕಡೆ ತಿರುಗಿದೆ. ರಿಬ್ಬನ್ನು ಇರಲಿಲ್ಲ. ಅದನ್ನು ಗಂಟು ಬಿಚ್ಚಿ, ನೀಟಾಗಿ ಸುತ್ತಿ, ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಇಟ್ಟಿತ್ತು. ದನ ನುಗ್ಗಬಾರದು ಅಂತ ಕಟ್ಟಿದ ಹಗ್ಗ ಅಂದುಕೊಂಡಳಂತೆ ಅಜ್ಜಿ. ಆಮೇಲೆ ಹೇಳಿದಳು. ಅಷ್ಟು ಜನರ ನಡುವೆ ಅಂಗಳದಲ್ಲಿ ಕೂತು ಉಣ್ಣೋಕೆ ಆಗುತ್ತಾ, ಅದಕ್ಕೇ ಒಳಗೆ ಹೋದದ್ದಂತೆ.

ಓಡಿದೆ. ಮೊದಲನೇ ಕೋಣೆಯೇ ನನ್ನದು. ಅಲ್ಲಿ ಬೆಳಕೋ ಬೆಳಕು! ಕಾಗದದ ಅಂಚಿನಲ್ಲಿ ಇಣುಕುತ್ತಿದ್ದ ಬಿಸಿಲಿನ ಗೆರೆ ಕಂಡಿದೆ ಅವಳಿಗೆ. ಅನ್ನದಲ್ಲಿ ಹುಳ ಇದೆಯಾ ಇಲ್ಲವಾ ನೋಡಬೇಡವಾ? ಸಾರ್ ಅವರ ಕತ್ತಲೆಯನ್ನು ಮೇಲಿಂದ ಕೆಳಗಿನವರೆಗೆ ಹರಿದು, ಅದನ್ನೇ ನೆಲಕ್ಕೆ ಹಾಸಿ, ಅದರ ಮೇಲೆ ಕೂತು ಬಾಳೆಕಾಯಿ ಪಲ್ಯದಲ್ಲಿ ಅನ್ನ ಕಲಸುತ್ತಿದ್ದಳು.

ಕೂತದ್ದು ಕಿಟಕಿಗೆ ಮುಖ ಮಾಡಿ. ಚಿತ್ರ ಇದ್ದದ್ದು ಅವಳ ಬೆನ್ನ ಹಿಂದೆ.

“ಅಜ್ಜೀ, ತಿರುಗು, ಹಿಂದೆ ನೋಡು,” ಅಂದೆ. ಉಣ್ಣುವಾಗ ಅವಳು ಮಾತಾಡುವುದಿಲ್ಲ, ಕೂತ ದಿಕ್ಕು ಬದಲಿಸುವುದಿಲ್ಲ, ನಡುವೆ ಏಳುವುದಂತೂ ಇಲ್ಲವೇ ಇಲ್ಲ. ಎಡಗೈ ಎತ್ತಿ ‘ಇರು’ ಅಂದಳು. ಬಿಸಿಲು ಚಿತ್ರದ ತಟ್ಟೆಯ ಮೇಲಿತ್ತು. ಬೆಟ್ಟದ ಹಿಂದೆ ಹೊತ್ತು ಇಳಿದ ಹಾಗೆ ಗೋಡೆಯಲ್ಲಿ ಬಿಸಿಲು ಮೇಲೆ ಮೇಲೆ ಹತ್ತುತ್ತಿತ್ತು. ತಟ್ಟೆ ಬಿಟ್ಟು ಕೈಗೆ ಬಂತು, ಕೈ ಬಿಟ್ಟು ಸೆರಗಿಗೆ ಬಂತು. ಅಜ್ಜಿ ಒಂದೊಂದು ತುತ್ತನ್ನೂ ಬೆಳಕಿಗೆ ಹಿಡಿದು, ನೋಡಿ, ಬಾಯಿಗಿಡುತ್ತಿದ್ದಳು. ಬೇಗ ಉಣ್ಣು ಅಂತ ಕೂಗಬೇಕು ಅನ್ನಿಸಿತು.

ಅಷ್ಟರಲ್ಲಿ ಕೊಚ್ಚಿಯ ಕಾರು ಬಂತು. ಕತ್ತರಿ ಹಿಡಿದುಕೊಂಡು ಅತಿಥಿ, ಹಿಂದೆ ಸಾರ್, ಅವರ ಹಿಂದೆ ಊರೆಲ್ಲ ಕೋಣೆಯ ಬಾಗಿಲಲ್ಲಿ. ಹರಿದ ಕಾಗದ ಕಂಡು ಸಾರ್ ಮುಖ ಹುಳಿ ಹಿಂಡಿದ ಹಾಲಿನಂತಾಯಿತು. ಅತಿಥಿ ಮಾತ್ರ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ನಿಂತರು. “ಅದ್ಭುತ,” ಅಂದರು ಪಿಸುದನಿಯಲ್ಲಿ, “ದೇಹವನ್ನೇ ಕೃತಿಯೊಳಗೆ ತಂದಿದ್ದಾರೆ.” ಸಾರ್ ಒಂದೇ ಕ್ಷಣದಲ್ಲಿ ಚೇತರಿಸಿಕೊಂಡರು. “ಕತ್ತಲೆಯಿಂದ ಬೆಳಕಿಗೆ. ತಿಂಗಳಿಂದ ನಾವು ಇದೇ ಯೋಚನೆಯಲ್ಲಿದ್ದೆವು,” ಅಂದರು. ಭಲೇ ಅಂದುಕೊಂಡೆ. ಕಲೆ ಅಂದರೆ ಅದು!

ಅಜ್ಜಿ ನೀರು ಕುಡಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಮೊಣಕಾಲು ಹಿಡಿದು ಎದ್ದಳು. ತಿರುಗಿದಳು. ಅಷ್ಟು ಹೊತ್ತಿಗೆ ಬಿಸಿಲು ಉಳಿದಿದ್ದದ್ದು ಚಿತ್ರದ ಮುಖದ ಮೇಲೆ ಮಾತ್ರ.

ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು.

“ಇವಳು ಯಾಕೆ ಇನ್ನೂ ಉಂಡಿಲ್ಲ?” ಅಂದಳು. “ಹೊತ್ತು ಮುಳುಗ್ತಾ ಉಂಟಲ್ಲ. ಬೇಗ ಉಣ್ಣು ಅಂತ ಹೇಳಬಾರದಾ ನೀನು?”

“ಯಾರು ಅಂತ ಗೊತ್ತಾಯ್ತಾ ಅಜ್ಜಿ?”

“ಗೊತ್ತಾಗದೆ ಎಂತ? ನನ್ನದೇ ಮೂಗು. ಸೀರೆ ಮಾತ್ರ ಯಾವ ಅಂಗಡಿಯದ್ದೋ.” ಕೈಚಾಚಿ ಚಿತ್ರದ ಕೆನ್ನೆ ಮುಟ್ಟಿದಳು. “ಇಷ್ಟು ಮುದುಕಿ ಆಗಿದ್ದೇನಾ ನಾನು? ಯಾರೂ ಹೇಳಲೇ ಇಲ್ಲ.” ಬಿಸಿಲು ಅವಳ ಬೆರಳಿನ ಮೇಲಿತ್ತು. ಆಮೇಲೆ ಹೋಯಿತು. ನಾನು ಎಲ್ಲರ ಎದುರಿಗೇ ಗೊಳೋ ಅಂತ ಅತ್ತೆ. ಅದನ್ನೂ ಅತಿಥಿ ಕೃತಿಯ ಭಾಗ ಅಂದುಕೊಂಡು ಫೋನಿನಲ್ಲಿ ಹಿಡಿದುಕೊಂಡರು.

ನನ್ನ ದರ್ಜೆ ಚೆನ್ನಾಗೇ ಬಂತು. ಹರಿದ ಕಾಗದವನ್ನು ಸಾರ್ ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ಇಟ್ಟುಕೊಂಡಿದ್ದಾರೆ. ಚಿತ್ರ ಮನೆಗೆ ಬಂತು. ಪಡುವಣ ಕಿಟಕಿಯ ಎದುರಿನ ಗೋಡೆಯಲ್ಲಿದೆ.

ಡಾಕ್ಟರು ಹೇಳಿದ ಹಾಗೇ ಆಯಿತು. ಮಳೆ ಹಿಡಿದು, ಬಿಟ್ಟು, ಆಕಾಶ ತಿಳಿಯಾದರೂ ಅಜ್ಜಿಗೆ ಕಿಟಕಿ ಎಲ್ಲಿದೆ ಅಂತ ತಿಳಿಯಲಿಲ್ಲ. ಈಗ ತುತ್ತುಗಳನ್ನು ಬೆಳಕಿಗೆ ಹಿಡಿದು ನೋಡುವವಳು ನಾನು. ತಟ್ಟೆ ಮುಂದಿಟ್ಟ ಕೂಡಲೇ ಕೇಳುತ್ತಾಳೆ, “ಹೊತ್ತು ಉಂಟಾ ಮಗಾ?” ಉಂಟು ಅಜ್ಜಿ, ಉಣ್ಣು ಅನ್ನುತ್ತೇನೆ.

ಮೊನ್ನೆ ಪೇಟೆಯಿಂದ ಬರುವ ಬಸ್ಸು ತಡವಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ಕಿಟಕಿಯ ಹತ್ತಿರ ಕಾಯುತ್ತಾ ಕೂತಿದ್ದಳು. ನಾನು ಗಡಿಬಿಡಿಯಲ್ಲಿ ಅನ್ನ ಹಾಕಿ ಮುಂದಿಟ್ಟೆ.

“ಹೊತ್ತು ಉಂಟಾ?”

ಹೊರಗೆ ನೋಡಿದೆ, ಕತ್ತಲಾಗಿತ್ತು. ಗೋಡೆ ನೋಡಿದೆ. “ಚಿತ್ರದಲ್ಲಿ ಇನ್ನೂ ಬಿಸಿಲು ಉಂಟು ಅಜ್ಜಿ,” ಅಂದೆ.

“ಅದು ಅವಳ ಹೊತ್ತು,” ಅಂದಳು. “ನನ್ನದು ಹೇಳು.”

ಇಲ್ಲ ಅಂದೆ. ಅವಳು ತಟ್ಟೆಯನ್ನು ಎರಡೂ ಕೈಯಿಂದ ನನ್ನ ಕಡೆ ಸರಿಸಿದಳು.